ಗೆದ್ದವರ ಶೇರ್ವಾನಿಯ ಅಳತೆ

ಪಂದ್ಯ ಪ್ರಸಾರ ಮಂಡಳಿಯ ಮಾನ್ಯ ನಿರ್ದೇಶಕರೇ,

ಸ್ಪರ್ಧಿಗಳ ಅಂಗಿಗಳಲ್ಲಿ ಹೊಲಿಗೆಯ ಒಳಗೆ ಎರಡೆರಡು ಇಂಚು ಹೆಚ್ಚು ಬಟ್ಟೆ ಬಿಟ್ಟು ಮಂಡಳಿಗೆ ನಷ್ಟ ಮಾಡಿದ್ದೇನೆಂದು ತಾವು ಕಳಿಸಿದ ನೋಟಿಸು ತಲುಪಿತು. ತಪ್ಪು ಒಪ್ಪಿಕೊಂಡೆ. ಸನತ್‌ನಗರದಲ್ಲಿ ಮೂವತ್ತು ವರ್ಷದಿಂದ ಕಾರ್ಮಿಕರ ಬಟ್ಟೆ ಹೊಲಿಯುವವನು ನಾನು. ಮುಂದೆ ಮೈ ತುಂಬಿದರೆ ಬಿಚ್ಚಿ ಸಡಿಲ ಮಾಡಿಕೊಳ್ಳಲೆಂದು ಒಳಗೆ ಬಟ್ಟೆ ಬಿಡುವುದು ಕೈಗೆ ಅಂಟಿದ ರೂಢಿ. ತಮ್ಮ ಆಟಕ್ಕೆ ಹನ್ನೆರಡು ಜನ ಹೋಗಿ ಒಬ್ಬರೇ ಜೀವಂತ ಬರುತ್ತಾರೆ, ಉಳಿದವರಿಗೆ ಮೈ ತುಂಬುವ ಪ್ರಸಂಗವೇ ಇಲ್ಲ ಎಂಬುದು ಕತ್ತರಿ ಹಿಡಿದಾಗ ನೆನಪಾಗಲಿಲ್ಲ. ಕ್ಷಮೆ ಇರಲಿ.

ಆದರೆ ನನ್ನದೂ ಒಂದು ದೂರಿದೆ. ಆಟ ಶುರುವಾಗುವ ಮೊದಲೇ ಗೆದ್ದವರಿಗೆ ತೊಡಿಸಲು ಜರಿ ಶೇರ್ವಾನಿಯ ಆರ್ಡರ್ ಬಂತು. ಎದೆ ನಲವತ್ತನಾಲ್ಕು ಇಂಚು. ಕೊನೆಗೆ ಉಳಿಯುವವರು ಯಾರೆಂದು ಟಿವಿ ಮುಂದೆ ಇಡೀ ರಾಜ್ಯ ಉಸಿರು ಬಿಗಿಹಿಡಿದು ಕೂರುವ ಆಟದಲ್ಲಿ, ಅವರ ಎದೆಯ ಸುತ್ತಳತೆ ತಮಗೆ ಮೊದಲೇ ಹೇಗೆ ತಿಳಿಯಿತು? ಹನ್ನೆರಡೂ ಜನರ ಮೈಗೆ ಟೇಪು ಹಿಡಿದವನು ನಾನೇ. ಚೀಟಿ ಎತ್ತಿ ಜೀಡಿಮೆಟ್ಲಾ, ಸನತ್‌ನಗರಗಳ ಕಾರ್ಮಿಕ ಕೇರಿಗಳಿಂದ ಕರೆತಂದ ಹನ್ನೊಂದು ಜನರಲ್ಲಿ ಮೂವತ್ತಾರು ದಾಟಿದವರು ಒಬ್ಬರೂ ಇಲ್ಲ. ನಲವತ್ತನಾಲ್ಕು ಇದ್ದದ್ದು, ಬಂಗಲೆಯವರಿಗೂ ಸಮಾನ ಅವಕಾಶ ಸಿಗಲೆಂದು ತಾವು ಕರುಣೆಯಿಂದ ಮೀಸಲಿಟ್ಟ ಒಂದೇ ಸೀಟಿನ ಹುಡುಗನದು. ಅವನ ಅಳತೆಯ ಹೊತ್ತಿಗೆ ಪಕ್ಕದಲ್ಲಿ ವ್ಯಾಯಾಮದ ಮಾಸ್ತರರೂ ಬಾದಾಮಿ ಹಾಲು ಹಿಡಿದವನೂ ನಿಂತಿದ್ದರು.

ಮೂವತ್ತೆರಡು ಇಂಚಿನವಳು ನನ್ನ ಮಗಳು ಪ್ರಾಜಕ್ತಾ. ಮಾತ್ರೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಅಳತೆ ಕೊಡುವಾಗ, "ಅಪ್ಪಾ, ತೋಳು ಗಟ್ಟಿ ಹೊಲಿ. ಹರಿದರ ಈ ಸಲ ನಿನ್ನ ಕಡೆ ತರಾಕ ಆಗಂಗಿಲ್ಲ" ಎಂದಳು. ನನಗೆ ಟೇಪಿನ ಅಂಕಿ ಕಾಣದಾಯಿತು. ಅವಳೇ ಓದಿ ಹೇಳಿದಳು.

ಶೇರ್ವಾನಿಯ ಅಳತೆ ತಪ್ಪಿ ಬರೆದಿರಬಹುದೆಂದು ತಮ್ಮ ಉಡುಪು ವಿಭಾಗದ ಸಾಬಣ್ಣನವರನ್ನು ಕೇಳಿದೆ.

"ತಪ್ಪಿಲ್ಲರಿ ಮಾಸ್ತರ. ಮ್ಯಾಲಿಂದ ಬಂದದ್ದು."

"ಮತ್ತ ನನ್ನ ಮಗಳು ಗೆದ್ದರ?"

ಅವರು ಬಾಗಿಲ ಕಡೆ ನೋಡಿದರು. "ನೀವು ಭಾಳ ಕೇಳಾಕತ್ತೀರಿ. ಸುಮ್ಮ ಹೊಲೀರಿ."

ಸುಮ್ಮನೆ ಹೊಲಿದಿದ್ದೇನೆ. ಯಾರು ಬೇಕಾದರೂ ಗೆಲ್ಲಬಹುದು ಎಂದು ತಾವೇ ದಿನವೂ ಟಿವಿಯಲ್ಲಿ ಹೇಳುತ್ತೀರಲ್ಲ, ಆ ಮಾತು ನಂಬಿ ಶೇರ್ವಾನಿಯನ್ನು ಮೂವತ್ತೆರಡಕ್ಕೆ ಕತ್ತರಿಸಿದ್ದೇನೆ. ರೂಢಿಯಂತೆ ಒಳಗೆ ಎರಡು ಇಂಚು ಬಿಟ್ಟಿದ್ದೇನೆ. ಪೂರ್ತಿ ಬಿಚ್ಚಿದರೂ ಆ ಹುಡುಗನ ಮೈಗೆ ಬಾರದು. ತಾವು ನೇಯಿಸಿದ ಜರಿ ಬಟ್ಟೆ ಒಂದೇ ಶೇರ್ವಾನಿಗಾಗುವಷ್ಟಿತ್ತು. ಇನ್ನೊಮ್ಮೆ ನೇಯಲು ಎರಡು ತಿಂಗಳು ಬೇಕಂತೆ. ಅಂತಿಮ ಪಂದ್ಯ ಭಾನುವಾರ. ನಿನ್ನೆಯ ಪ್ರಸಾರದಲ್ಲಿ ಐವರು ಉಳಿದಿದ್ದರು. ನನ್ನ ಮಗಳ ತೋಳಿನ ಹೊಲಿಗೆ ಬಿಟ್ಟಿರಲಿಲ್ಲ. ಹೆದರಿಕೆಯಿಂದ ನಾನು ಬೇರೇನೂ ನೋಡದೆ ಅದನ್ನೇ ನೋಡುತ್ತಾ ಕೂತಿದ್ದೆ.

ಆದ್ದರಿಂದ ನನ್ನ ಬೇಡಿಕೆ ಇದು. ಆಟ ನಿಲ್ಲಿಸಿ, ಐವರನ್ನೂ ಮನೆಗೆ ಕಳಿಸಿ. ಎಲ್ಲರ ಅಂಗಿಯೊಳಗೂ ಎರಡು ಇಂಚು ಬಟ್ಟೆ ಇದೆ, ಮುಂದೆ ಬೇಕಾಗುತ್ತದೆ. ಪ್ರಾಜಕ್ತಾಳನ್ನು ಮೊದಲು ನನ್ನ ಅಂಗಡಿಗೆ ಕಳಿಸಿ. ಟ್ರಯಲ್ ನೋಡದೆ ನಾನು ಯಾರಿಗೂ ಬಟ್ಟೆ ಕೊಟ್ಟವನಲ್ಲ. ಟ್ರಯಲ್ ನೋಡಬೇಕಾದರೆ ಆಕೆ ಎದ್ದು ನಿಂತಿರಬೇಕು.

ಇಂತಿ,
ಆ ಹನ್ನೆರಡೂ ಅಂಗಿಗಳನ್ನು ಹೇಳಿದ ದಿನಕ್ಕೆ ಹೊಲಿದುಕೊಟ್ಟ ಪಾಪಿ,
ಕಲ್ಯಾಣಪ್ಪ, ಟೇಲರ್
ಸನತ್‌ನಗರ, ಹೈದರಾಬಾದ್