ಕಿವಿಯ ಹಿಂದಿನ ಮೂಳೆ

ಹೈದರಾಬಾದ್
ಮಾರ್ಚ್ ೧೪, ೨೦೨೪

ಅಮ್ಮನಿಗೆ ಲೋಹಿತಾ ಮಾಡುವ ಶರಣು.

ನಿನ್ನ ಕಾಗದ ತಲುಪಿತು. ಅಕ್ಷರ ನಿನ್ನದೇ, ಅದೇ ದುಂಡಗಿನ ಏಳನೇ ಕ್ಲಾಸಿನ ಅಕ್ಷರ. ಮಾತು ಮಾತ್ರ ನಿನ್ನದಲ್ಲ. 'ವೈಜ್ಞಾನಿಕ ಅಭಿಪ್ರಾಯ' ಅನ್ನುವ ಪದವನ್ನು ನೀನು ಹುಟ್ಟಿದ ಮೇಲೆ ಮೊದಲ ಸಲ ಬರೆದಿರಬೇಕು. ಜೈಲಿನಲ್ಲಿರುವ ಗೌರೀಶಣ್ಣನ ವಕೀಲರು ಪಕ್ಕದಲ್ಲಿ ಕೂತು ಹೇಳಿ ಬರೆಸಿದ್ದಾರೆಂದು ಎರಡನೇ ಸಾಲಿಗೇ ಗೊತ್ತಾಯಿತು. ಕೊನೆಯಲ್ಲಿ ಮಾತ್ರ ನಿನ್ನ ದನಿ ಕೇಳಿಸಿತು: "ಸುಟ್ಟ ಮೂಳೇಲಿ ಏನೂ ಗೊತ್ತಾಗಾಕಿಲ್ಲ ಅಂತ ಒಂದ್ ಮಾತು ಬರ್ದ್ಕೊಟ್ಬುಡು ಕಣಮ್ಮ. ಇರೋ ಒಬ್ಬ ಮಗನ್ನ ಉಳಿಸ್ಕೊಡು." ಓದಿದವಳೇ ಕೈಲಿದ್ದ ಗಾಜಿನ ಲೋಟವನ್ನು ಗೋಡೆಗೆ ಎಸೆದೆ. ಚೂರು ಆರಿಸುವಾಗ ಅಂಗೈ ಕುಯ್ದುಕೊಂಡೆ. ಅದಕ್ಕೇ ಈ ಕಾಗದದ ಮೂಲೆಯಲ್ಲಿ ಕಲೆಯಾಗಿದೆ, ಗಾಬರಿಯಾಗಬೇಡ.

ಫೋನಿನಲ್ಲಿ ಮಾತಾಡಿದರೆ ಇಬ್ಬರಲ್ಲಿ ಒಬ್ಬರು ನಡುವೆಯೇ ಇಟ್ಟುಬಿಡುತ್ತೇವೆ. ಆದ್ದರಿಂದ ನಾನೂ ಬರೆಯುತ್ತಿದ್ದೇನೆ.

ಯಶಸ್ವಿನಿ ಬೊಂಬಾಯಿಯಲ್ಲಿದ್ದಾಳೆಂದು ನೀನು ಊರಿಗೆಲ್ಲ ಹೇಳಿದ್ದೀಯ. ನೀನು ಅದನ್ನು ನಿಜವಾಗಿ ನಂಬಿದ್ದೀಯ ಎಂದೇ ಇಟ್ಟುಕೊಂಡು ಬರೆಯುತ್ತೇನೆ. ನನ್ನ ತಂಗಿ ರಾಯಚರ್ಲಿನ ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯುವ ಅಂಜನ್ ಕುಮಾರನನ್ನು ರಿಜಿಸ್ಟರ್ ಮದುವೆಯಾದಳು. ದೀಪಾವಳಿಯ ಮರುದಿನ ತನ್ನ ಮಾರ್ಕ್ಸ್ ಕಾರ್ಡು, ಬಟ್ಟೆಬರೆ ತೆಗೆದುಕೊಳ್ಳಲು ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಹೋದಳು. ಬೇಲಿಯಾಚೆ ಬೈಕಿನ ಮೇಲೆ ಕತ್ತಲಾಗುವ ತನಕ ಕಾದ ಹುಡುಗನಿಗೆ, ಅವಳು ಹಿತ್ತಲ ಬಾಗಿಲಿಂದ ಇನ್ಯಾರ ಜೊತೆಗೋ ಓಡಿಹೋದಳೆಂದು ಗೌರೀಶಣ್ಣ ಹೇಳಿದನಂತೆ. ಸಂಕ್ರಾಂತಿ ಕಳೆದ ಮೇಲೆ ಕುರಿ ಮೇಯಿಸುವವರಿಗೆ ನಿಡುಗಲ್ ಬೆಟ್ಟದ ಬಂಡೆ ಸಂದಿಯಲ್ಲಿ ಸುಟ್ಟ ಮೂಳೆಗಳು ಸಿಕ್ಕವು.

ಮುಂದಿನ ವಾರ ಮಧುಗಿರಿ ಕೋರ್ಟಿನಲ್ಲಿ ಅಣ್ಣನ ಜಾಮೀನು ಅರ್ಜಿ ಬರುತ್ತದೆ. ಆ ಮೂಳೆ ಯಶುವಿನದೇ ಎಂದು ಹೇಳಿರುವುದು ಲ್ಯಾಬಿನ ವರದಿ. ಆ ವರದಿ ನಿಂತಿರುವುದು ನಾನು ಕಂಡುಹಿಡಿದ ವಿಧಾನದ ಮೇಲೆ. ಅದು ತಪ್ಪಬಹುದು ಎಂದು ಅದನ್ನು ಮಾಡಿದವಳೇ ಬರೆದುಕೊಟ್ಟರೆ ಅಣ್ಣ ಹೊರಗೆ ಬರುತ್ತಾನೆ. ನಿನ್ನ ವಕೀಲರು ಜಾಣರು ಕಣಮ್ಮ.

ನಾನು ಏನು ಓದಿದೆ, ಇಷ್ಟು ವರ್ಷ ಏನು ಮಾಡಿದೆ ಎಂದು ಮನೆಯಲ್ಲಿ ಯಾರೂ ಕೇಳಿದವರಲ್ಲ. 'ನಮ್ಮ ಲೋಹಿತಾ ಹೈದರಾಬಾದಲ್ಲಿ ಡಾಕ್ಟ್ರು' ಎಂದು ನೀನು ಹೇಳಿ, ಸೊಂಟ ನೋವಿನವರನ್ನೆಲ್ಲ ನನಗೆ ಫೋನ್ ಮಾಡಿಸುತ್ತಿದ್ದೆ. ಈಗ ಕೇಳು. ಸುಟ್ಟ ಮೂಳೆಯಲ್ಲಿ ಡಿಎನ್‌ಎ ಉಳಿಯುವುದೇ ಇಲ್ಲವೆಂದು ನನ್ನ ಗೈಡ್ ಸೇರಿ ಎಲ್ಲರೂ ನಗುತ್ತಿದ್ದ ಕಾಲದಲ್ಲಿ ನಾನು ಹಳೆಯ ಬೂದಿಗುಡ್ಡೆಗಳಿಂದ ದನದ ಮೂಳೆ ತಂದು ಕೊರೆಯುತ್ತಿದ್ದೆ. ಕಿವಿಯ ಹಿಂದೆ, ಬುರುಡೆಯೊಳಗೆ ಒಂದು ಮೂಳೆಯಿದೆ. ಮೈಯಲ್ಲೇ ಅತಿ ಗಟ್ಟಿ. ಹೊರಗೆಲ್ಲ ಬೆಂದು ಬಿಳಿಯಾದರೂ ಅದರ ತಿರುಳು ಕೆಲವೊಮ್ಮೆ ಬೂದುಬಣ್ಣದಲ್ಲೇ ಉಳಿದಿರುತ್ತದೆ. ಆ ಚೂರಿನಿಂದ ಡಿಎನ್‌ಎ ಬಿಡಿಸುವ ದಾರಿ ಹುಡುಕಿದೆ. ಪ್ರಬಂಧವನ್ನು ಪತ್ರಿಕೆಗಳು ಒಂದರ ಮೇಲೊಂದು ವಾಪಸು ಕಳಿಸಿದವು. ಕೊನೆಗೆ ಚಿಕ್ಕ ಪತ್ರಿಕೆಯೊಂದು ಹಾಕಿತು, ಯಾರೂ ಓದಲಿಲ್ಲ.

ಆಮೇಲೆ ದೂರದ ಒಂದು ದೇಶದಲ್ಲಿ ಬಟ್ಟೆ ಕಾರ್ಖಾನೆ ಹೊತ್ತಿ ಉರಿಯಿತು. ಅಲ್ಲಿನವರು ನನ್ನ ವಿಧಾನ ಹಿಡಿದು, ಸುಟ್ಟು ಸತ್ತ ಹೊಲಿಗೆ ಕೆಲಸದ ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಗುರುತಿಸಿ, ಹೆಸರಿಟ್ಟು ಮನೆಗೆ ಕಳಿಸಿದರು. ಈಗ ಬೆಂಕಿ ಬಿದ್ದ ಕಡೆಯೆಲ್ಲ ಅದೇ ವಿಧಾನ. ವರದಿಗಳ ಕೊನೆಯಲ್ಲಿ ನನ್ನ ಹೆಸರು. ಇನ್ನೊಬ್ಬರು ನನ್ನ ಕೆಲಸ ಬಳಸಿದರೆಂದು ತಿಳಿದಾಗಲೆಲ್ಲ ನಮ್ಮ ಲ್ಯಾಬಿನಲ್ಲಿ ಸಿಹಿ ಹಂಚುವ ಅಭ್ಯಾಸ. ಯಶುವಿನ ವರದಿ ತಯಾರಿಸಿದವಳು ನನ್ನ ಹತ್ತಿರವೇ ಓದಿದ ತೇಜಸ್ವಿನಿ. ಕೊನೆಯ ಪುಟದಲ್ಲಿ ನನ್ನ ಹೆಸರು ಕಂಡಾಗ, ಇವತ್ತು ಸಿಹಿ ತರಬೇಡಿ ಎಂದೆ.

ನನ್ನ ವಿಧಾನ ಎಲ್ಲೆಲ್ಲಿ ಕೈಕೊಡುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಉರಿ ತೀರಾ ಹೆಚ್ಚಾದರೆ ಏನೂ ಸಿಗದು. ಮುಟ್ಟಿದವರ ಬೆವರು ಸೇರಿದರೂ ಕೆಟ್ಟೀತು. ಇದನ್ನೇ ಸುಳ್ಳಿಲ್ಲದ ಒಂದು ವಾಕ್ಯದಲ್ಲಿ ಬರೆದುಕೊಟ್ಟರೆ ಸಾಕು, ವಕೀಲರು ಉಳಿದದ್ದು ನೋಡಿಕೊಳ್ಳುತ್ತಾರೆ. ಆ ವಾಕ್ಯ ನನ್ನ ತಲೆಯಲ್ಲಿ ಸಿದ್ಧವಾಗಿಯೇ ಇದೆ. ಯಶುವಿನ ಮೂಳೆಯಲ್ಲಿ ಹಾಗೇನೂ ಆಗಿಲ್ಲ. ಬೆಟ್ಟದ ಪುಳ್ಳೆ ಕಟ್ಟಿಗೆಗೆ ಅಷ್ಟು ಕಾವಿಲ್ಲ. ಕೊಂದವರಿಗೆ ಅವಸರ ಬೇರೆ.

"ಯಾರದೋ ರಕ್ತ ತಂದು ತಾಳೆ ಹಾಕಿದ್ದಾರೆ" ಎಂದು ಬರೆದಿದ್ದೀಯಲ್ಲ, ಆ ಯಾರದೋ ರಕ್ತ ನನ್ನದು. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಒಂದು ಅಂಶವಿದೆ. ನಿನ್ನಿಂದ ಅದು ನಮ್ಮ ಮೂವರಿಗೂ ಬಂದಿದೆ. ಪೊಲೀಸರು ಮೊದಲು ನಿನ್ನನ್ನು ಕೇಳಿದರು. "ಬೊಂಬಾಯಾಗೆ ಬದ್ಕಿರೋಳ್ಗೆ ನಾನ್ಯಾಕ್ ರಕ್ತ ಕೊಡ್ಲಿ" ಎಂದೆಯಂತೆ. ಆಗ ಅಂಜನ್ ನನ್ನ ನಂಬರ್ ಕೊಟ್ಟ. ನಾನು ರಾತ್ರಿ ಬಸ್ಸು ಹಿಡಿದು ಬಂದು, ಪಾವಗಡದ ಆಸ್ಪತ್ರೆಯಲ್ಲಿ ತೋಳು ಚಾಚಿ, ಮನೆಯ ಕಡೆ ತಿರುಗಿಯೂ ನೋಡದೆ ವಾಪಸಾದೆ. ಮೂಳೆಯಲ್ಲಿದ್ದದ್ದೂ ನನ್ನಲ್ಲಿದ್ದದ್ದೂ ಒಂದೇ. ಅವಳನ್ನು ಕೊಂದ ಕೈಯಲ್ಲಿ ಹರಿಯುವುದೂ ಅದೇ.

ಡಾಕ್ಟರ ವರದಿಯನ್ನು ನೀನು ಓದಿಲ್ಲ, ಓದಬೇಡ. ಆದರೆ ಒಂದು ಮಾತು ತಿಳಿದಿರಲಿ. ಬೆಂಕಿಗೆ ಬೀಳುವ ಮೊದಲೇ ಅವಳ ಬುರುಡೆ ಬಲಗಿವಿಯ ಮೇಲೆ ಒಡೆದಿತ್ತು. ಒಂದೇ ಏಟಿಗೆ ಅಲ್ಲ. ಎದುರಿಗೆ ನಿಂತು ಎಡಗೈಯಲ್ಲಿ ಬೀಸುವವನ ಏಟು ಬಲಗಿವಿಗೆ ಬೀಳುತ್ತದೆ. ನಮ್ಮ ಮನೆಯಲ್ಲಿ ಎಡಗೈಯವನು ಯಾರೆಂದು ನಾನು ಹೇಳಬೇಕೆ? ಶಿರಾ ಕಾಲೇಜಿನಲ್ಲಿ ಹುಡುಗರ ಜೊತೆ ಒಂದೇ ಬೆಂಚಿನಲ್ಲಿ ಕೂತೆನೆಂದು ಅಣ್ಣ ಗುದ್ದಲಿ ಕಾವಿನಲ್ಲಿ ನನಗೆ ಹೊಡೆದನಲ್ಲ, ನಾನು ಕೈ ಅಡ್ಡ ಹಿಡಿದದ್ದಕ್ಕೆ ಕಿರುಬೆರಳು ಮುರಿಯಿತು. ನೀನು ಅರಿಶಿನ ಕಟ್ಟಿ, ಬಾಗಿಲಿಗೆ ಸಿಕ್ಕಿತೆಂದು ಹೇಳು ಎಂದೆ. ಅದು ನೆಟ್ಟಗೆ ಕೂಡಲೇ ಇಲ್ಲ. ಲ್ಯಾಬಿನಲ್ಲಿ ದ್ರವ ಅಳೆಯುವ ಪಿಪೆಟ್ ಹಿಡಿದಾಗ ಇವತ್ತಿಗೂ ಹೊರಗೆ ಚಾಚಿಕೊಳ್ಳುತ್ತದೆ. ಮೇಡಂ ಮಹಾರಾಣಿ ಚಹಾ ಕುಡಿದ ಹಾಗೆ ಹಿಡಿಯುತ್ತಾರೆಂದು ಹುಡುಗಿಯರು ನಗುತ್ತಾರೆ. ನಾನೂ ನಗುತ್ತೇನೆ. ಯಶು ಕೈ ಅಡ್ಡ ಹಿಡಿದಳೋ ಇಲ್ಲವೋ, ಅದನ್ನು ಹೇಳಬಲ್ಲ ಮೂಳೆಗಳು ಪುಡಿಯಾಗಿವೆ.

ಅಣ್ಣನಿಗಾಗಿ ನನಗೆ ದುಃಖವಿಲ್ಲ. ಅವನ ಎಡಗೈಯನ್ನು ಅದೇ ಕಾವಿನಿಂದ ಮುರಿಯಬೇಕು ಅನ್ನಿಸುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗಲೂ ಅದೇ ಯೋಚನೆ. ಆದರೆ ನನಗೆ ಗೊತ್ತಿರುವ ಕೆಲಸ ಒಂದೇ, ಅದನ್ನು ಮಾಡಿದ್ದೇನೆ.

ನೀನು ಕೇಳಿದ್ದನ್ನು ಬರೆದುಕೊಡುವುದಿಲ್ಲ. ಕೊಟ್ಟರೆ ಆ ಕಾರ್ಖಾನೆಯ ಹೆಣ್ಣುಮಕ್ಕಳ ತಾಯಂದಿರು, ತಾವು ಅತ್ತದ್ದು ಯಾರ ಮೂಳೆಯ ಮುಂದೆ ಎಂದು ಕೇಳುತ್ತಾರೆ. ಅವರಿಗೆ ನಾನು ಉತ್ತರ ಕೊಡಲಾರೆ.

ನಮ್ಮಲ್ಲಿ ಯಾರನ್ನೂ ಸುಡುವುದಿಲ್ಲ. ಅಪ್ಪನನ್ನು ಹೊಲದಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದೆವು. ಕೋರ್ಟು ಮೂಳೆ ಕೊಟ್ಟ ದಿನ ಯಶುವನ್ನೂ ಅಪ್ಪನ ಪಕ್ಕದಲ್ಲೇ ಇಡಬೇಕು. ಅಂಜನ್ ಬರುತ್ತಾನೆ. ಅವನನ್ನು ಯಾರಾದರೂ ತಡೆದರೆ ನಾನು ಸುಮ್ಮನಿರುವವಳಲ್ಲ.

ಮಾತ್ರೆ ತಪ್ಪಿಸಬೇಡ.

ನಿನ್ನ ಮಗಳು
ಲೋಹಿತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಗುರುತು ಹಿಡಿಯಲೆಂದು ಪೊಲೀಸರು ನನ್ನ ಮುಂದೆ ಒಂದು ಪೊಟ್ಟಣ ಬಿಚ್ಚಿದರು. ಮೂಳೆಗಳ ನಡುವೆ ಸಿಕ್ಕಿದ ಇಷ್ಟಲಿಂಗ, ಅದರ ಶಿವದಾರ. ಹೆಣ್ಣುಮಕ್ಕಳಿಬ್ಬರದೂ ಅದಲುಬದಲಾಗಬಾರದೆಂದು ನನ್ನ ದಾರಕ್ಕೆ ಹಳದಿ ಎಳೆ, ಅವಳದಕ್ಕೆ ಹಸಿರು ಎಳೆ ಸೇರಿಸಿ ಹೊಸೆದವಳು ನೀನು. ಹಸಿರು ಎಳೆ ಹಾಗೇ ಇತ್ತು, ಅಮ್ಮ. ಸುತ್ತ ಮೂಳೆಯೆಲ್ಲ ಬೆಂದು ಬಿಳಿಯಾಗಿದ್ದರೂ ದಾರಕ್ಕೆ ಮಸಿಯೂ ತಾಗಿರಲಿಲ್ಲ. ಬೂದಿ ಆರಿದ ಮೇಲೆ ಯಾರೋ ಬೆಟ್ಟ ಹತ್ತಿ ಅದನ್ನು ಅವಳ ಹತ್ತಿರ ಇಟ್ಟು ಬಂದಿದ್ದಾರೆ. ಅಣ್ಣ ಅಂಥದ್ದನ್ನು ಮಾಡುವವನಲ್ಲ. ಮಗಳನ್ನು ಲಿಂಗವಿಲ್ಲದೆ ಕಳಿಸಲಾರದ ಒಬ್ಬಳೇ ಅದನ್ನು ಮಾಡುತ್ತಾಳೆ. ಆ ಮಂಡಿನೋವಿನಲ್ಲಿ ಹೇಗೆ ಹತ್ತಿದೆ? ದಾರ ಯಾಕೆ ಸುಟ್ಟಿಲ್ಲವೆಂದು ಪೊಲೀಸರು ಇನ್ನೂ ಕೇಳಿಲ್ಲ, ನಾನೂ ಹೇಳಿಲ್ಲ. ಕೋರ್ಟಿನಲ್ಲಿ ಕೇಳಿದರೆ ಹೇಳುತ್ತೇನೆ. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಸೀರೆ ಉಟ್ಟು ಸಿದ್ಧವಾಗಿರು. ಮಧುಗಿರಿಗೆ ಇಬ್ಬರೂ ಹೋಗೋಣ. ನಾನು ಹೇಳುವ ಮೊದಲು ನೀನೇ ಹೇಳಿಬಿಡು.