ನೆಂಟರು ಹೋದ ಮೇಲೆ

ಬೇಕರಿಯ ಮೇಲಿನ ಮನೆಯಿಂದ,
ಜೂನ್ ೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ನಾದಿನಿಯ ಮನೆಯಲ್ಲಿ ಹತ್ತಿಳಿಯುವ ಮೆಟ್ಟಿಲಿಲ್ಲ, ಅದೊಂದು ಸಮಾಧಾನ ನನಗೆ. ಕಣ್ಣಿಗೆ ಬಿಡುವ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳುತ್ತಿದ್ದೀರಾ, ಇಲ್ಲಾ "ನಾಳೆ ಬಿಟ್ಟರಾಯ್ತು ಬಿಡು" ಎಂದು ಅಲ್ಲೂ ತಪ್ಪಿಸಿಕೊಳ್ಳುತ್ತಿದ್ದೀರಾ? ಮೊಮ್ಮಗಳು ನಿಮ್ಮ ಕನ್ನಡಕ ಹಾಕಿಕೊಂಡು ಮನೆಯೆಲ್ಲ ಓಡಾಡುತ್ತಾಳಂತೆ. ಈ ಪತ್ರ ಓದುವಷ್ಟು ಹೊತ್ತಾದರೂ ಅದನ್ನು ಅವಳಿಂದ ಇಸಿದುಕೊಳ್ಳಿ, ಏಕೆಂದರೆ ಇದನ್ನು ನೀವೇ ಓದಬೇಕು, ನಾದಿನಿಯ ಕೈಲಿ ಓದಿಸಬಾರದು. ಅವಳು ಒಳ್ಳೆಯವಳೇ, ಆದರೆ ಒಂದು ಸಾಲು ಓದಿದರೆ ಎರಡು ಸಾಲು ತನ್ನದು ಸೇರಿಸುತ್ತಾಳೆ. ನಾವಿಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಮಗ ಎಂದಿನಂತೆ ಬಸ್ ಡಿಪೋಗೆ ಹೋಗುತ್ತಾರೆ, ಎಂದಿನಂತೆ ಊಟದ ಡಬ್ಬಿ ತಂದು ಮುಚ್ಚಳ ಅಲ್ಲೇ ಮರೆತು ಬರುತ್ತಾರೆ. ಕೆಳಗಿನ ಬೇಕರಿಯವರು ಹೊಸ ಒಲೆ ಹಾಕಿಸಿದ್ದಾರೆ, ನಮ್ಮ ನೆಲ ಈಗ ಮೊದಲಿಗಿಂತ ಬೆಚ್ಚಗಿದೆ.

ಇನ್ನು ಗುರುವಾರದ ಫೋನಿನ ವಿಷಯ. ಎಲ್ಲಕ್ಕಿಂತ ಮೊದಲು ಒಂದು ಮಾತು ಹೇಳಿಬಿಡುತ್ತೇನೆ: ನನ್ನ ತಮ್ಮ ಬದುಕಿದ್ದಾನೆ. ಅವನ ಹೆಂಡತಿಯೂ ಬದುಕಿದ್ದಾಳೆ. ಇಬ್ಬರೂ ಈಗಷ್ಟೇ ಊಟ ಮಾಡಿ, ತಟ್ಟೆ ತೊಳೆದಿಟ್ಟು, ಒಳಗಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ನಿಮ್ಮ ಮಗ ಅವತ್ತೇ ನಿಮಗೆ ಹೇಳಿದರು, ಗೊತ್ತು. ಆದರೆ ಅವರು ಹೇಳುವುದು ನಿಮಗೆ ಗೊತ್ತಲ್ಲ, "ಏನಿಲ್ಲಮ್ಮ, ಎಲ್ಲ ಸರಿಯಿದೆ" ಎಂದು ಇಟ್ಟುಬಿಡುತ್ತಾರೆ. ನಾನು ಫೋನಿನಲ್ಲಿ ವಿವರಿಸಲು ಹೊರಟರೆ ನೀವು "ಆಯ್ತು ಬಿಡು" ಎಂದು ಮಾತು ಮುಗಿಸುತ್ತೀರಿ. ಪತ್ರಕ್ಕಾದರೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ನೀವು ಅಂದದ್ದು ಒಂದು, ನಾನು ತಿಳಿದದ್ದು ಇನ್ನೊಂದು ಆದದ್ದರಿಂದಲೇ ಇಷ್ಟೆಲ್ಲ ಆಯಿತು.

ನಮ್ಮ ಮನೆಯಲ್ಲಿ ಜಿರಲೆಗೆ ಜಿರಲೆ ಎನ್ನುವ ರೂಢಿಯೇ ಇಲ್ಲವಲ್ಲ. ಅದನ್ನು ತಪ್ಪಿಸಿದವರು ನೀವೇ. ನಾನು ಮದುವೆಯಾಗಿ ಬಂದ ಹೊಸದು, ಮುಂದಿನ ಕೋಣೆಯಲ್ಲಿ ಟೇಪು ಹಿಡಿದು ಒಬ್ಬ ದೊಡ್ಡ ಮನೆಯ ಹೆಂಗಸಿನ ಅಳತೆ ತೆಗೆಯುತ್ತಿದ್ದೆ. ಹೊಲಿಗೆ ಮಿಷನ್ನಿನ ಕಾಲ ಬಳಿ ಒಂದು ಜಿರಲೆ ಮೀಸೆ ಆಡಿಸುತ್ತಾ ನಿಂತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ಹಲ್ಲಿನ ನಡುವೆ ಸೂಜಿ ಕಚ್ಚಿಕೊಂಡೇ "ನೆಂಟರು ಬಂದಿದ್ದಾರೆ ನೋಡಮ್ಮ, ವಿಚಾರಿಸ್ಕೋ" ಎಂದಿರಿ. ನಾನು ಪೆದ್ದಿಯ ಹಾಗೆ ಬಾಗಿಲ ಕಡೆ ನೋಡಿದೆ. ನೀವು ಕಣ್ಣಲ್ಲೇ ನೆಲ ತೋರಿಸಿದಿರಿ. ಪಕ್ಕದಲ್ಲಿದ್ದ ಬಟ್ಟೆಯ ಗಂಟನ್ನು ಹಾಗೇ ಅದರ ಮೇಲೆ ಇಳಿಸಿ ವಿಚಾರಿಸಿಕೊಂಡೆ. ಆಕೆ ಹೋದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಟ್ಟೆ ಹೊಲಿಯುವ ಮನೆಯಲ್ಲಿ ಆ ಹೆಸರು ಒಂದು ಸಲ ಗಿರಾಕಿಯ ಕಿವಿಗೆ ಬಿದ್ದರೆ ಮುಗಿಯಿತು, ಆಮೇಲೆ ಹೊಸ ಅಂಗಿಯ ಮಡಿಕೆ ಮಡಿಕೆಯಲ್ಲೂ ಅದನ್ನೇ ಹುಡುಕುತ್ತಾರೆ ಎಂದು ಹೇಳಿಕೊಟ್ಟಿರಿ. ಅಂದಿನಿಂದ ನಮ್ಮಿಬ್ಬರ ಬಾಯಲ್ಲಿ ಅವು ನೆಂಟರೇ ಆದವು. ನಿಮ್ಮ ಮಗನಿಗೆ ಇದರ ಸುಳಿವೇ ಇರಲಿಲ್ಲ. ಪಾಪ, ನೆಂಟರು ಬಂದರೆಂದು ಎಷ್ಟು ಸಲ ಅಂಗಿ ಸರಿಮಾಡಿಕೊಂಡು ಹೊರಗೆ ಬಂದಿದ್ದಾರೋ.

ಮಾರ್ಚಿನಲ್ಲಿ ತಮ್ಮನ ಬಾಡಿಗೆ ಮನೆಯ ಛಾವಣಿ ಸೋರಿ, ರಿಪೇರಿ ಮುಗಿಯುವ ತನಕ ಎಂದು ಅವನೂ ಅವನ ಹೆಂಡತಿಯೂ ನಮ್ಮಲ್ಲಿಗೆ ಬಂದರು. ಅವಳು ಆಸ್ಪತ್ರೆಯ ನರ್ಸು, ರಾತ್ರಿ ಡ್ಯೂಟಿ, ಹಗಲು ಮಲಗಬೇಕು. "ಆ ಹುಡುಗಿಗೆ ಕತ್ತಲೆ ಕೋಣೆ ಬೇಕು ಕಣೇ" ಎಂದು ನೀವೇ ನಿಮ್ಮ ಒಳಗಿನ ಕೋಣೆ ಬಿಟ್ಟುಕೊಟ್ಟಿರಿ. ನಿಮ್ಮ ಹಾಸಿಗೆ ಮುಂದಿನ ಕೋಣೆಗೆ, ಬಟ್ಟೆ ಕತ್ತರಿಸುವ ಮೇಜಿನ ಪಕ್ಕಕ್ಕೆ ಬಂತು. ಅದೇ ವಾರ ನಿಮ್ಮ ದಿಂಬಿನ ಮೇಲೆ ಒಂದು ಜಿರಲೆ ಹಾದುಹೋಗಿ, ನೀವು ಎದ್ದು ಕೂತುಬಿಟ್ಟಿದ್ದಿರಿ. ಅದಾದ ಮೇಲೆ ಸ್ವಲ್ಪ ದಿನ ಮಗಳ ಮನೆಯಲ್ಲಿದ್ದು ಬರುತ್ತೇನೆ ಎಂದು ಹೊರಟಿರಿ. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೆಲ್ಲಗೆ, "ನೆಂಟರೆಲ್ಲ ಹೋಗಲಿ, ಆಮೇಲೆ ಹೇಳಿ ಕಳಿಸು, ಬರ್ತೀನಿ" ಎಂದಿರಿ. ನಾನು ನಕ್ಕು, ಒಂದೂ ಉಳಿಯದ ಹಾಗೆ ಮಾಡುತ್ತೇನೆ ಅತ್ತೆ ಎಂದೆ. ನೀವು ನನ್ನನ್ನು ಒಂದು ಥರಾ ನೋಡಿದಿರಿ. ಬಸ್ಸು ಹೊರಟಿತು. ಆ ನೋಟಕ್ಕೆ ಅರ್ಥ ನನಗೆ ಗೊತ್ತಾದದ್ದು ಮೊನ್ನೆ.

ಮನೆಗೆ ಬಂದವಳೇ ಸೆರಗು ಬಿಗಿದು ನಿಂತೆ. ಮೊದಲು ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಗೆ ಸೋಪಿನ ನೀರು ತುಂಬಿಕೊಂಡೆ. ನೇರವಾಗಿ ಮೈಮೇಲೆ ಬಿದ್ದರೆ ಅಲ್ಲೇ ಅಂಗಾತ ಬೀಳುತ್ತವೆ, ಆದರೆ ಮೈಮೇಲೆ ಬೀಳುವವರೆಗೆ ಅವು ನಿಲ್ಲಬೇಕಲ್ಲ. ಆಮೇಲೆ ಡಬ್ಬಿಗಳ ಸಂದಿಯಲ್ಲಿ ಲವಂಗ ಇಟ್ಟೆ, ಸೌತೆಕಾಯಿ ಸಿಪ್ಪೆ ಇಟ್ಟೆ. ಅವು ಆ ಕಪಾಟು ಬಿಟ್ಟು ಈ ಕಪಾಟಿಗೆ ಮನೆ ಬದಲಾಯಿಸಿದವು, ಅಷ್ಟೇ. ಪಕ್ಕದ ಮನೆಯಾಕೆ ಜಿರಲೆಗೆ ಗೆರೆ ಎಳೆಯುವ ಚಾಕ್ ಒಂದು ತುಂಡು ಕೊಟ್ಟಳು. ಅದನ್ನು ತಂದು ನಾನೆಂಬ ಜಾಣೆ ಎಲ್ಲಿಟ್ಟೆ ಹೇಳಿ? ಬಟ್ಟೆಗೆ ಗುರುತು ಹಾಕುವ ಚಾಕಿನ ಡಬ್ಬಿಯಲ್ಲಿ. ತುಂಡಾದ ಮೇಲೆ ಎರಡೂ ಒಂದೇ ಬಣ್ಣ. ಅಡುಗೆಮನೆಯ ಸುತ್ತ ಅಚ್ಚುಕಟ್ಟಾಗಿ ಗೆರೆ ಎಳೆದೆ, ಅವು ನಾನು ಎಲ್ಲಿ ಕತ್ತರಿಸಬೇಕೆಂದು ಗುರುತು ಹಾಕಿದ್ದೇನೆ ಎನ್ನುವ ಹಾಗೆ ಅದರ ಮೇಲೇ ನಡೆದುಹೋದವು. ಅದೇ ವಾರ ಹೈಸ್ಕೂಲಿನ ಹೆಡ್ ಮೇಷ್ಟ್ರ ಪ್ಯಾಂಟನ್ನು ಜಿರಲೆ ಚಾಕಿನಲ್ಲಿ ಗುರುತು ಹಾಕಿ ಕತ್ತರಿಸಿದ್ದೆ. ಗೊತ್ತಾದ ಮೇಲೆ ಮತ್ತೆ ಮತ್ತೆ ತೊಳೆದು, ಬಿಸಿಲಿಗೆ ಹಾಕಿ ಕೊಟ್ಟೆ. ಹೊಸ ಪ್ಯಾಂಟು ತೊಳೆದಂತಿದೆಯಲ್ಲ ಎಂದರು. ಬಟ್ಟೆ ಆಮೇಲೆ ಕುಗ್ಗದಿರಲಿ ಅಂತ ಸಾರ್ ಎಂದೆ. ಬಹಳ ಮೆಚ್ಚಿಕೊಂಡು ಇನ್ನೊಂದು ಹೊಲಿಯಲು ಕೊಟ್ಟಿದ್ದಾರೆ.

ಕೊನೆಗೆ ದಾರಿ ತೋರಿಸಿದವಳು ತಮ್ಮನ ಹೆಂಡತಿಯೇ. ಬೋರಿಕ್ ಪುಡಿ, ಸಕ್ಕರೆ, ಗೋಧಿಹಿಟ್ಟು ಸಮಸಮ ತೆಗೆದುಕೊಂಡು, ಒಂದಿಷ್ಟು ಈರುಳ್ಳಿ ರಸ ಬಿಟ್ಟು ಕಲಸಿ, ಕಡಲೆ ಗಾತ್ರದ ಉಂಡೆ ಕಟ್ಟಿ, ಒಲೆಯ ಹಿಂದೆ, ಫ್ರಿಜ್ಜಿನ ಕೆಳಗೆ, ಸಿಂಕಿನ ಪೈಪಿನ ಪಕ್ಕ ಇಡುವುದು. ಈರುಳ್ಳಿ ವಾಸನೆಗೆ ಬರುತ್ತವೆ, ಸಕ್ಕರೆ ಆಸೆಗೆ ತಿನ್ನುತ್ತವೆ. ಜೊತೆಗೆ ಮಲಗುವ ಮುಂಚೆ ಸಿಂಕನ್ನು ಒಣಬಟ್ಟೆಯಲ್ಲಿ ಒರೆಸಿ, ಮೋರಿಯ ಬಾಯಿಗೆ ಜಾಲರಿ ಹಾಕಬೇಕು. ಊಟವಿಲ್ಲದೆ ಎಷ್ಟು ದಿನ ಬೇಕಾದರೂ ಇರುತ್ತವಂತೆ, ನೀರಿಲ್ಲದೆ ಇರಲಾರವಂತೆ. ದಾರದುಂಡೆಗಳ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಎಸೆದು ತಗಡಿನ ಡಬ್ಬಿಗೆ ಹಾಕಿದೆ. ನಮ್ಮಲ್ಲಿ ಸಣ್ಣ ಮಕ್ಕಳಿಲ್ಲ ಎಂದು ಉಂಡೆಯ ಧೈರ್ಯ ಮಾಡಿದೆ. ನೀವು ಕೇಳಿಸಿಕೊಂಡು ಅಲ್ಲಿ ಮಾಡಲು ಹೋಗಬೇಡಿ, ಆ ಪುಟಾಣಿ ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾಳೆ. ದಿನ ಕಳೆದ ಹಾಗೆ ಕಡಿಮೆಯಾದವು. ಬೆಳಿಗ್ಗೆ ಪೊರಕೆ ಹಿಡಿದಾಗ ನಾಲ್ಕಾರು ಅಂಗಾತ ಬಿದ್ದಿರುತ್ತಿದ್ದವು.

ಇಷ್ಟೆಲ್ಲ ಮಾಡಿದ್ದು ಮನೆ ಚೊಕ್ಕಟವಾಗಲಿ ಎಂದೇನೂ ಅಲ್ಲ ಅತ್ತೆ. ಒಂದೊಂದನ್ನು ಗುಡಿಸಿ ಹಾಕುವಾಗಲೂ ನೀವು ಒಂದು ಸ್ಟಾಪು ಹತ್ತಿರ ಬಂದಿರಿ ಎಂದುಕೊಳ್ಳುತ್ತಿದ್ದೆ. ನೀವಿಲ್ಲದೆ ನನಗೆ ಆಗುತ್ತಿಲ್ಲ. ನಾನು ಮಿಷನ್ ತುಳಿಯುವುದು, ನೀವು ಗೋಡೆಗೆ ಒರಗಿ ಕಾಜಾ ಹೊಲಿಯುವುದು, ಗುಂಡಿ ಹಾಕುವುದು, ಬೀದಿಯಲ್ಲಿ ಹೋಗುವವರ ಅಂಗಿಯ ತೋಳು ಉದ್ದ ಗಿಡ್ಡ ಎಂದು ಇಬ್ಬರೂ ಆಡಿಕೊಳ್ಳುವುದು, ಇದೇ ನನ್ನ ದಿನವಾಗಿತ್ತು. ಈಗಲೂ ಕೈ ತನ್ನ ಪಾಡಿಗೆ ಸೂಜಿಗೆ ದಾರ ಪೋಣಿಸಿ ನಿಮ್ಮ ಕಡೆ ಚಾಚುತ್ತದೆ. ಅಲ್ಲಿ ಬರೀ ಗೋಡೆ ಇರುತ್ತದೆ. ಗುಂಡಿ ಹಾಕದ ಅಂಗಿಗಳು ಮೂಲೆಯಲ್ಲಿ ರಾಶಿ ಬಿದ್ದಿವೆ. ನಾನು ಹಾಕಿದ ಗುಂಡಿ ನೋಡಿ ಗಿರಾಕಿಗಳು ಅಜ್ಜಿ ಯಾವಾಗ ಬರ್ತಾರೆ ಎಂದು ಕೇಳುತ್ತಾರೆ, ನನ್ನನ್ನು ನೋಯಿಸಬೇಕೆಂದಲ್ಲ. ಮಿಷನ್ ನಿಲ್ಲಿಸಿದರೆ ಮನೆಯಲ್ಲಿ ಸದ್ದೇ ಇಲ್ಲ, ಅದಕ್ಕೇ ಬೇಡದ ಚಿಂದಿಯನ್ನೂ ಸುಮ್ಮನೆ ಹೊಲಿಯುತ್ತಾ ಕೂರುತ್ತೇನೆ.

ಗುರುವಾರ ಇಡೀ ಮನೆ ಸರಿಸಿ ಹುಡುಕಿದರೂ ಒಂದೂ ಸಿಗಲಿಲ್ಲ. ಕೈ ಕೂಡ ಒರೆಸಿಕೊಳ್ಳದೆ ನಿಮಗೆ ಫೋನು ಮಾಡಿದೆ. "ಅತ್ತೆ, ನೆಂಟರೆಲ್ಲ ಹೋದ್ರು" ಎಂದೆ. ನೀವು "ಹೌದಾ? ಊಟ ಹಾಕಿ ಕಳಿಸಿದೆ ತಾನೇ?" ಎಂದಿರಿ. ಎಷ್ಟು ಚೆನ್ನಾಗಿ ತಮಾಷೆ ಮಾಡುತ್ತಾರೆ ನಮ್ಮತ್ತೆ ಎಂದು ನಾನು ಉಬ್ಬಿಹೋದೆ. "ಹಾಕದೇ ಇರ್ತೀನಾ? ಸಕ್ಕರೆ ಹಾಕಿ ಉಂಡೆ ಕಟ್ಟಿ ತಿನ್ನಿಸಿದೆ. ತಿಂದವರು ಒಬ್ಬರೂ ಮೇಲೇಳಲಿಲ್ಲ. ಬೆಳಿಗ್ಗೆ ಗುಡಿಸಿ ಕಸದ ಗಾಡಿಗೆ ಹಾಕಿದೆ" ಎಂದೆ. ನೀವು ಸಣ್ಣ ದನಿಯಲ್ಲಿ "ನಿನ್ನ ತಮ್ಮನ್ನಾ?" ಎಂದಿರಿ. ಫೋನು ಬಿದ್ದ ಸದ್ದು, ನಾದಿನಿಯ ಚೀರಾಟ, ಕಟ್. ಅವಳು ಆ ಕ್ಷಣವೇ ಡಿಪೋಗೆ ಫೋನು ಮಾಡಿ, ನಿಮ್ಮ ಮಗ ಸಮವಸ್ತ್ರದಲ್ಲೇ ಓಡಿಬಂದು, ಒಳಗಿನ ಕೋಣೆಯ ಬಾಗಿಲು ತೆಗೆದು, ನಿದ್ದೆಯಲ್ಲಿದ್ದ ಹುಡುಗಿಯ ಮೂಗಿನ ಹತ್ತಿರ ಬೆರಳಿಟ್ಟು ನೋಡಿದ್ದಾರೆ. ಅವಳು ಎದ್ದು ಕಿರುಚಿದ್ದು ಬೇಕರಿಯವರೆಗೆ ಕೇಳಿತು.

ನಾನು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಗುತ್ತಲೇ ಹೊಳೆಯಿತು. ನೀವು ಹೇಳಿದ ನೆಂಟರು ನೀರಿನ ಪೈಪಿನಲ್ಲಿ ಬಂದವರಲ್ಲ. ನಿಮ್ಮ ಕೋಣೆಯಲ್ಲಿ ಮಲಗಿದವರು. ಅಲ್ಲಿಗೆ ನಗು ನಿಂತಿತು. ಅತ್ತೆ, ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ನನ್ನ ತಮ್ಮನೆಂದು, ನನಗೆ ನೋವಾದೀತೆಂದು, ನೀವು ಕೋಣೆ ಬಿಟ್ಟಿರಿ, ಆಮೇಲೆ ಮನೆಯನ್ನೇ ಬಿಟ್ಟಿರಿ. ಹೇಳುವಾಗಲೂ ಕಿಟಕಿಯಿಂದ ತಮಾಷೆಯ ಹಾಗೆ ಹೇಳಿದಿರಿ. ನನ್ನ ಹೊಲಿಗೆ ವಕ್ರವಾದರೆ ಎಲ್ಲರೆದುರು ಬಿಚ್ಚಿಸುತ್ತೀರಲ್ಲ, ಇದೊಂದನ್ನು ನೇರವಾಗಿ ಹೇಳಲು ಏನಾಗಿತ್ತು? ಅಷ್ಟು ದಿನ ನಾನು ಉಂಡೆ ಕಟ್ಟುತ್ತಾ ಕೂತಿದ್ದೆ, ಅತ್ತ ನೀವು, ಇವಳಿಗೆ ತಮ್ಮನೇ ಹೆಚ್ಚಾದ ಎಂದುಕೊಂಡಿದ್ದಿರೇನೋ. ಅದನ್ನು ನೆನೆದರೆ ಊಟ ಸೇರುವುದಿಲ್ಲ.

ಶುಕ್ರವಾರ ಸಂಜೆ, ಅವಳು ಡ್ಯೂಟಿಗೆ ಹೊರಡುವ ಮುಂಚೆ, ಇಬ್ಬರನ್ನೂ ಕೂರಿಸಿಕೊಂಡೆ. ಹೇಗೆ ಶುರುಮಾಡುವುದೆಂದು ತಿಳಿಯದೆ ಮೊದಲು ಕಾಫಿ ಕೊಟ್ಟೆ. ಕೊನೆಗೆ ಸುತ್ತುಬಳಸದೆ "ಆ ಕೋಣೆ ಅತ್ತೆದು ಕಣೋ. ಅವರು ವಾಪಸ್ ಬರಬೇಕು" ಎಂದೆ. ತಮ್ಮ ತನ್ನ ಹೆಂಡತಿಯ ಮುಖ ನೋಡಿದ. ಆಮೇಲೆ ಅವನು ಹೇಳಿದ್ದು ಕೇಳಿ: "ನಮ್ಮ ಛಾವಣಿ ಹೋದ ತಿಂಗಳೇ ರಿಪೇರಿ ಆಯ್ತಕ್ಕ. ಅತ್ತೆ ಹೋದ ಮೇಲೆ ನೀನು ಮಂಕಾಗಿಬಿಟ್ಟಿದ್ದೆ. ನಿನ್ನ ಬಿಟ್ಟು ಹೇಗೆ ಹೋಗೋದು ಅಂತ ಇದ್ವಿ." ನೋಡಿದಿರಾ? ಅವರಿದ್ದಾರೆಂದು ನೀವು ಬರಲಿಲ್ಲ, ನೀವಿಲ್ಲವೆಂದು ಅವರು ಹೋಗಲಿಲ್ಲ. ಒಬ್ಬರಿಗಿಂತ ಒಬ್ಬರು ಒಳ್ಳೆಯವರಾಗಿ ನನ್ನ ಪ್ರಾಣ ತೆಗೆದಿರಿ. ಶನಿವಾರ ಅವರು ಹೊರಡುತ್ತಾರೆ. ಈ ಸಲ ನಿಜವಾಗಿಯೂ ಊಟ ಹಾಕಿ ಕಳಿಸುತ್ತೇನೆ. ಅಷ್ಟು ಹೊತ್ತಿಗೆ ಈ ಮನೆಯಲ್ಲಿ ಯಾವ ಥರದ ನೆಂಟರೂ ಇರುವುದಿಲ್ಲ.

ನಾದಿನಿಗೆ, ಅವಳ ಯಜಮಾನರಿಗೆ ನನ್ನ ನೆನಪು ತಿಳಿಸಿ. ಪುಟಾಣಿಯ ಎರಡೂ ಕೆನ್ನೆಗೆ ಮುತ್ತು. ನಿಮ್ಮ ಮಗ ಕಾಲಿಗೆ ನಮಸ್ಕಾರ ಹೇಳಿದ್ದಾರೆ, ನಾನು ಜಗಳ ಮುಗಿದ ಮೇಲೆ ಹೇಳುತ್ತೇನೆ. ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಿ.

ನಿಮ್ಮ ದಾರಿ ಕಾಯುತ್ತಿರುವ,
ಸೊಸೆ

ಮತ್ತೆ: ಕವರು ಅಂಟಿಸಲು ಅಡುಗೆಮನೆಗೆ ಗೋಂದು ಹುಡುಕಿಕೊಂಡು ಹೋದರೆ ಒಲೆಯ ಹಿಂದಿನಿಂದ ಒಂದು ಹೊರಟಿತು, ದಪ್ಪನೆಯದು, ನನ್ನನ್ನು ನೋಡಿ ನಿಂತೇ ಇತ್ತು. ಪತ್ರ ಹರಿದುಹಾಕಿ, ಅದೂ ಹೋದ ಮೇಲೆ ಬರೆಯೋಣ ಎಂದುಕೊಂಡೆ. ಆಗಲ್ಲ ಅತ್ತೆ, ಅಷ್ಟು ದಿನ ನನ್ನಿಂದ ಕಾಯಲಾಗುವುದಿಲ್ಲ. ಬರುವ ಭಾನುವಾರ ಮೊದಲ ಬಸ್ಸಿಗೆ ನಾನೇ ಬರುತ್ತಿದ್ದೇನೆ, ಬಟ್ಟೆ ಕಟ್ಟಿಟ್ಟುಕೊಳ್ಳಿ. ಬರುವುದಿಲ್ಲ ಎನ್ನುವುದಿದ್ದರೆ ಯಾರ ಮೇಲೂ ಹಾಕಬೇಡಿ, ನನ್ನ ಮುಖ ನೋಡಿಕೊಂಡು ಹೇಳಿ. ನಿಮಗೆ ಹೇಳಲಾಗುವುದಿಲ್ಲ ಎಂದು ಗೊತ್ತಿದ್ದೇ ವಾಪಸ್ ಬರಲು ಎರಡು ಟಿಕೆಟ್ ತೆಗೆಸಿದ್ದೇನೆ.