ನಿನ್ನ ಭಾವನ ಕಾರು ಮಾರಿದೆವು

ಜನಕಪುರಿ, ದೆಹಲಿ
೧೨ ಫೆಬ್ರವರಿ ೨೦೦೬

ಪ್ರೀತಿಯ ವಿಮಲಾ,

ನೀನು ಎಷ್ಟೋ ಸಲ ಫೋನ್ ಮಾಡಿದೆ. ನಾನು ಎತ್ತಲಿಲ್ಲ, ತಿರುಗಿ ಮಾಡಲೂ ಇಲ್ಲ. ನೀನು ಕಳಿಸಿದ ಮೆಂತ್ಯದ ಹಿಟ್ಟು ತಲುಪಿತು ಎಂದೂ ತಿಳಿಸಲಿಲ್ಲ. ತಪ್ಪು ತಿಳಿಯಬೇಡ. ದಾವಣಗೆರೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಚಳಿ ಇಳಿದಿದೆ, ಮಂಜು ಕಡಿಮೆಯಾಗಿದೆ. ನಾನು ಆರೋಗ್ಯವಾಗಿದ್ದೇನೆ.

ಮುಖ್ಯ ಸುದ್ದಿ ಇದು. ನಿನ್ನ ಭಾವನ ಕಾರು ಮಾರಿದೆವು.

ಇವರು ಹೋದ ಮೇಲೆ ಅದು ಕೆಳಗೆ ಧೂಳು ಹಿಡಿದು ನಿಂತಿತ್ತು. ಕಾಗದಪತ್ರದಲ್ಲಿ ಹೆಸರು ಇವರದೇ. ಮಾರಬೇಕಾದರೆ ಮೊದಲು ಮನೆಯವರಲ್ಲಿ ಒಬ್ಬರ ಹೆಸರಿಗಾಗಬೇಕು, ಉಳಿದವರು ತಕರಾರಿಲ್ಲವೆಂದು ಬರೆದುಕೊಡಬೇಕು. ವಿಕ್ರಮ್ ತನ್ನ ಹೆಸರಿಗೆ ಮಾಡಿಸಿ ಮಾರಲು ಹೊರಟ. ಅಣ್ಣ ಕೇಳಿದೊಡನೆ ಅಮೂಲ್ಯ ಪುಣೆಯಿಂದ ಬರೆದು ಕಳಿಸಿದಳು. ನನ್ನ ಸಹಿಯೊಂದೇ ಬಾಕಿ. ನಾನು ಹಾಕಲಿಲ್ಲ. ನನಗೆ ಆ ಕಾರು ಬೇಕಿತ್ತು. ಜನವರಿಯಲ್ಲಿ ಟೆಸ್ಟ್ ಪಾಸಾಗಿ ಲೈಸೆನ್ಸ್ ತೆಗೆದುಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ.

ಹೋದ ಭಾನುವಾರ ಮಗರಾಯ ಗ್ರೇಟರ್ ನೋಯ್ಡಾದಿಂದ ಬಂದವನು ಗಿರಾಕಿಯನ್ನೂ ಕರೆತಂದ. ಪಕ್ಕದ ಬ್ಲಾಕಿನ ಖುರಾನಾ. ಕಾರಿನ ಸುತ್ತ ತಿರುಗಿ, ಟೈರಿಗೆ ಒದ್ದು, "ಮೂರ್ತಿ ಸಾಹೇಬರ ಗಾಡಿ, ನೋಡೋದೇನಿದೆ ಭಾಭೀಜಿ" ಎಂದ. ಆದರೂ ಬಗ್ಗಿ ಬಗ್ಗಿ ನೋಡಿದ. "ಈ ಪೆಟ್ಟು?"

"ನಾನು ಮಾಡಿದ್ದು. ಕಲಿಯುವಾಗ."

"ಅಚ್ಛಾ! ಹಾಗಾದ್ರೆ ಬಾಗಿಲು ಉಳಿದಿದ್ದೇ ಪುಣ್ಯ" ಎಂದು ನಕ್ಕ. ನನಗೂ ನಗು ಬಂತು. ವಿಕ್ರಮ್‌ಗೆ ಬರಲಿಲ್ಲ. ನನ್ನನ್ನು ಮೇಲೆ ಕರೆದುಕೊಂಡು ಬಂದ.

"ಯಾಕಮ್ಮ ಈ ಹಟ? ಈ ಟ್ರಾಫಿಕ್‌ನಲ್ಲಿ ನೀನು ಓಡಿಸ್ತೀಯಾ? ಸಚ್ ಮೇ?"

"ಓಡಿಸ್ತೀನಿ. ಆಸ್ಪತ್ರೆ ಹಾಸಿಗೆ ಮೇಲೆ ಮಲಗಿಕೊಂಡು ನಿಮ್ಮಪ್ಪ ಕಲಿ ಕಲಿ ಅಂತ ಪ್ರಾಣ ತಿಂದ್ರು. ಸುಮ್ಮನೆ ಹೇಳಿದ್ರಾ?"

"ಅಮ್ಮಾ, ಸಮಝೋ ನಾ. ಅದು ಡ್ರೈವಿಂಗ್‌ಗೋಸ್ಕರ ಆಗಿರಲಿಲ್ಲ."

"ಮತ್ತೆ?"

ಅವನು ಕೆಳಗೆ ಹೋಗಲು ತಿರುಗಿದ. ನಾನು ಬಿಡಲಿಲ್ಲ.

"ಡಾಕ್ಟರ್ ರೌಂಡ್ಸ್‌ಗೆ ಬರೋದು ಬೆಳಿಗ್ಗೆ. ಆಗ ನೀನು ಅಲ್ಲಿರಬಾರದು ಅಂತ ಅಪ್ಪಾನೇ ಹೇಳಿದ್ದು. ಇನ್ನೇನೂ ಮಾಡೋಕಾಗಲ್ಲ ಅಂತ ಅಕ್ಟೋಬರ್‌ನಲ್ಲೇ ಹೇಳಿಬಿಟ್ಟಿದ್ರು. ಆ ಹೊತ್ತಿಗೇ ಕ್ಲಾಸ್ ಬುಕ್ ಮಾಡಿದ್ದು ನಾನು. ನಿನ್ನ ಒಳ್ಳೇದಕ್ಕೇ ಅಮ್ಮಾ."

ವಿಮಲಾ, ಕ್ಲಾಸು ಮುಗಿದೊಡನೆ ಕಾರನ್ನು ಮನೆ ಮುಂದೆ ನಿಲ್ಲಿಸಿ ನಾನು ಆಟೋ ಹಿಡಿದು ಆಸ್ಪತ್ರೆಗೆ ಓಡುತ್ತಿದ್ದೆ, ಶಾಲೆಯಿಂದ ಬಂದ ಮಗುವಿನ ಹಾಗೆ. "ಇವತ್ತು ಯಾರಿಗೆ ಗುದ್ದಿದೆ?" ಎಂದು ಕೇಳುತ್ತಿದ್ದರು. ಕಲಿಸುವವನು "ಮೇಡಂ, ಕ್ಲಚ್! ಕ್ಲಚ್!" ಎಂದು ಕೂಗುವುದನ್ನು ಮಾಡಿ ತೋರಿಸುತ್ತಿದ್ದೆ. ಕೆಮ್ಮು ಬರುವವರೆಗೆ ನಗುತ್ತಿದ್ದರು. "ಡಿಸ್ಚಾರ್ಜ್ ದಿನ ನೀನೇ ಕರ್ಕೊಂಡು ಹೋಗ್ಬೇಕು, ನಾನು ಹಿಂದೆ ಸಾಹೇಬನ ಹಾಗೆ ಕೂತ್ಕೊಳ್ತೀನಿ" ಎಂದರು. ಕಲಿಸುವವನಿಗೆ ಹೇಳಿ ನಾನು ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯನ್ನೇ ಅಭ್ಯಾಸ ಮಾಡಿದೆ. ಎಲ್ಲಿ ತಿರುಗಬೇಕು, ಎಲ್ಲಿ ಹೊಂಡವಿದೆ, ಯಾವ ಕಡೆ ಹೋದರೆ ಅವರಿಗೆ ಕುಲುಕಾಟ ಕಡಿಮೆ. ಆ ದಾರಿಯಲ್ಲಿ ತಾವು ಬರುವುದಿಲ್ಲವೆಂದು ತಿಳಿದೇ ಅವರು ಆ ಮಾತು ಆಡಿದ್ದರು.

ಮೂವತ್ತು ವರ್ಷ ಸಂಸಾರ ಮಾಡಿದೆ. ಕೊನೆಯ ದಿನಗಳಲ್ಲಿ ಅವರಿಗೆ ಹೇಳಬೇಕಾದ್ದು ನನ್ನಲ್ಲೂ ಇತ್ತು. ಗೊತ್ತಿದ್ದರೆ ಹೇಳುತ್ತಿದ್ದೆ. ನಾನು ಗೇರು, ಬ್ರೇಕು ಎಂದು ಹರಟುತ್ತ ಕೂತೆ.

ವಿಕ್ರಮ್ ತಂದ ಕಾಗದಕ್ಕೆ ಅಲ್ಲೇ ಸಹಿ ಹಾಕಿದೆ. ಅವನಿಗೇ ಆಶ್ಚರ್ಯವಾಯಿತು. "ಪಕ್ಕಾನಾ?" ಎಂದು ಕೇಳಿದ. ಆ ಕಾರನ್ನು ಇನ್ನು ಯಾರಿಗಾಗಿ ಓಡಿಸಲಿ? ಗುರುವಾರ ಖುರಾನಾ ಬಂದು ತೆಗೆದುಕೊಂಡು ಹೋದ. ಹೆಸರು ಬದಲಾಗಲು ಇನ್ನೂ ಕೆಲವು ದಿನ ಹಿಡಿಯುತ್ತದಂತೆ.

ಗೋಪಿನಾಥರ ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚುವುದನ್ನು ಬಿಡಬೇಡಿ ಎಂದು ಹೇಳು. ಪ್ರಕೃತಿಯ ಪರೀಕ್ಷೆ ಹತ್ತಿರ ಬಂತಲ್ಲ, ಅವಳಿಗೆ ನನ್ನ ಆಶೀರ್ವಾದ. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿ ಇಟ್ಟಿರಲಿ.

ನಿನ್ನ ಅಕ್ಕ,
ಅಹಲ್ಯಾ

ಮರೆತ ಮಾತಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಯಾರ್ಯಾರಿಗೆ ಗೊತ್ತಿತ್ತು ಎಂದು ವಿಕ್ರಮ್‌ನನ್ನು ಕೇಳಿದೆ. "ಅಮೂಲ್ಯಂಗೆ. ಚಿಕ್ಕಮ್ಮಂಗೆ" ಎಂದ. ದೀಪಾವಳಿಗೆ ನೀನು ಬಂದಿದ್ದಾಗ ದಿನಾ ಬೆಳಿಗ್ಗೆ ನನ್ನ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡು, "ನೀನು ಕ್ಲಾಸಿಗೆ ಹೋಗಕ್ಕ, ಭಾವನ ಹತ್ತಿರ ನಾನು ಕೂತಿರ್ತೀನಿ" ಎನ್ನುತ್ತಿದ್ದೆ. ಇಂಥ ತಂಗಿ ಯಾರಿಗಿದ್ದಾಳೆ ಎಂದು ನಾನು ಇಡೀ ಬ್ಲಾಕಿಗೆ ಹೇಳಿಕೊಂಡು ತಿರುಗಿದೆ. ನಿನ್ನ ಫೋನ್ ಎತ್ತದಿದ್ದುದು ಇದಕ್ಕೇ. ಈಗ ಜಗಳಕ್ಕೆ ಬರೆಯುತ್ತಿಲ್ಲ. ತಾನು ಸಾಯುತ್ತೇನೆಂದು ಗೊತ್ತಿದ್ದ ನನ್ನ ಗಂಡ ಆ ಬೆಳಗುಗಳಲ್ಲಿ ನಿನ್ನೊಂದಿಗೆ ಮಾತಾಡಿದ್ದಾರೆ. ಏನೆಂದರು? ನನ್ನ ವಿಷಯ ಏನಾದರೂ ಅಂದರಾ? ಅಂದಿರದಿದ್ದರೆ ಅನ್ನಲಿಲ್ಲ ಎಂದೇ ಬರೆ. ನನ್ನ ಸಮಾಧಾನಕ್ಕೆಂದು ಒಂದು ಮಾತನ್ನೂ ಸೇರಿಸಬೇಡ.